ಡಬ್ಬದ ಮೇಲೆ 500, ಪರದೆ ಮೇಲೆ 18

ಇದು ಸ್ವಲ್ಪ ಉದ್ದದ ಪೋಸ್ಟು. ಹೋರಾಟದ ವಿಷಯ ಅಂತ ಓದಕ್ಕೆ ಬಂದವರಿಗೆ ಅರ್ಧ ಕಂಪ್ಯೂಟರ್ ಪಾಠ ಸಿಗುತ್ತೆ, ಬೇಜಾರು ಮಾಡ್ಕೋಬೇಡಿ. ಒಂದು ತಿಂಗಳಿಂದ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯಿಂದ ನಾಲ್ಕೈದು ಜನ ಒಂದೇ ಪ್ರಶ್ನೆ ಕೇಳ್ತಿದ್ದಾರೆ: "ಅಕ್ಕ, ಎಸ್‌ಎಸ್‌ಡಿ ತಗೊಂಡ್ವಿ. ಮೊದಲು ಚೆನ್ನಾಗಿ ಓಡುತ್ತೆ, ಆಮೇಲೆ ನಿಂತೇ ಹೋಗುತ್ತೆ. ಕೆಟ್ಟೋಗಿದ್ಯಾ?" ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು. ಇಲ್ಲೇ ಬರೆದುಬಿಡ್ತೀನಿ. ಬೇಕಾದವರು ಉಳಿಸಿಟ್ಟುಕೊಳ್ಳಿ.

ನಮ್ಮ ಸಂಘದ ಹತ್ರ ಇದ್ದದ್ದು ಒಂದು ಹಳೇ 500 ಜಿಬಿ ಹಾರ್ಡ್ ಡಿಸ್ಕ್. ಅದರೊಳಗೆ ಸುಮಾರು 380 ಜಿಬಿ. ಅದರಲ್ಲಿ ಸಿನಿಮಾ ಇರಲಿಲ್ಲ, ಮದುವೆ ವಿಡಿಯೋ ಇರಲಿಲ್ಲ. ಸ್ಕ್ಯಾನ್ ಮಾಡಿದ ಸಾಗುವಳಿ ಚೀಟಿ, ಮಂಜೂರಾತಿ ಆದೇಶ, ಮ್ಯುಟೇಶನ್, ಪಹಣಿ, ಹಳೇ ಕರಪತ್ರಗಳು, ಹಳ್ಳಿ ಹಳ್ಳಿಗೆ ಹೋಗಿ ತೆಗೆದ ಹಿರಿಯರ ಮಾತಿನ ವಿಡಿಯೋಗಳು.

ಕಾಗದ ಯಾಕೆ ಮುಖ್ಯ ಅಂತ ಪಿಟಿಸಿಎಲ್ ಕೇಸಿಗೆ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಎರಡು ಮಾತು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನ ಷರತ್ತು ಮೀರಿ ಯಾರಾದರೂ ಕೊಂಡಿದ್ದರೆ ಆ ಕ್ರಯ ನಡೆಯಲ್ಲ, ಜಮೀನು ವಾಪಸ್ ಬರಬೇಕು ಅನ್ನೋದು 1978ರ ಕಾಯ್ದೆ. 2017ರಲ್ಲಿ ಸುಪ್ರೀಂ ಕೋರ್ಟು "ತಡವಾಗಿ ಬಂದಿದ್ದೀರಿ" ಅನ್ನೋ ಕಾರಣವನ್ನ ಮುಂದೆ ಮಾಡಿದ ಮೇಲೆ ಎಷ್ಟೋ ಅರ್ಜಿ ಬಿದ್ದುಹೋದವು. ಹೋರಾಟ ಆಯ್ತು, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಕಾನೂನೇನೋ ಬಂತು. ಆದರೆ ಉಪವಿಭಾಗಾಧಿಕಾರಿ ಮುಂದೆ ನಿಂತಾಗ ಅವರು ಕೇಳೋದು ಕಾನೂನಲ್ಲ, "ಮಂಜೂರಾತಿ ದಾಖಲೆ ಎಲ್ಲಿ?" ಅಂತ. ಗುಡಿಸಲು ಸೋರಿ, ಗೆದ್ದಲು ಹಿಡಿದು, ಟ್ರಂಕಿನಲ್ಲಿ ಮಡಿಕೆ ಮಡಿಕೆಯಾಗಿ ಹರಿದ ಆ ಒಂದು ಹಾಳೆ. ನಮ್ಮ ಜಿಲ್ಲೆ ಆದದ್ದೇ 2007ರಲ್ಲಿ, ಅದಕ್ಕೆ ಹಿಂದಿನದಕ್ಕೆಲ್ಲ ಕೋಲಾರದ ಕಡೆ ಮುಖ ಮಾಡಬೇಕು. ಮನೆಯಲ್ಲಿರೋ ಹಾಳೆ ಹೋದರೆ ಅದನ್ನ ಮತ್ತೆ ಹುಡುಕೋದಕ್ಕೆ ಎಷ್ಟು ಚಪ್ಪಲಿ ಸವೆಯುತ್ತೆ ಅಂತ ಅಲೆದವರನ್ನ ಕೇಳಿ.

ಇನ್ನು ವಿಡಿಯೋ. ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದಿದ್ದರು. ಯಾಕೆ ತಿರುಗಿಬಿದ್ದರು ಅಂತ ಆ ಊರಿನಲ್ಲೇ ಬದುಕಬೇಕಾದವರ ಜಾಗದಲ್ಲಿ ನಿಂತು ಯೋಚಿಸಿದರೆ ಅರ್ಥ ಆಗುತ್ತೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅವತ್ತಿಂದ ನನಗೊಂದು ಹಟ. ಯಾವ ಹಿರಿಯರಾದರೂ ಮಾತಾಡ್ತೀನಿ ಅಂದರೆ ಅವತ್ತೇ ಹೋಗಿ ಕೂತು ರೆಕಾರ್ಡ್ ಮಾಡಬೇಕು. ಅದು ಕೋರ್ಟಿಗೆ ಬರುತ್ತೋ ಇಲ್ಲವೋ, ನಮ್ಮ ಮಕ್ಕಳಿಗೆ ಬರಬೇಕು. ನಮ್ಮ ಕಡೆ ಅವ್ವಂದಿರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡ್ತಾರೆ. ಆ ದನಿಯನ್ನ ಬರೆದು ತರೋಕೆ ಆಗಲ್ಲ. ಡಿಸ್ಕಿನಲ್ಲಿದ್ದ ವಿಡಿಯೋಗಳಲ್ಲಿ ಮಾತಾಡಿದ ಆರು ಜನ ಈಗ ಇಲ್ಲ.

ಆ ಡಿಸ್ಕು ಟಿಕ್ ಟಿಕ್ ಅಂತ ಶಬ್ದ ಮಾಡೋಕೆ ಶುರು ಮಾಡಿತು.

ಚಂದಾ ಎತ್ತಿ, ಕೈಯಲ್ಲಿದ್ದ ದುಡ್ಡಿಗೆ ಸಿಕ್ಕಿದ್ದು ಒಂದು ಅಗ್ಗದ 480 ಜಿಬಿ ಎಸ್‌ಎಸ್‌ಡಿ, ಅದಕ್ಕೊಂದು ಯುಎಸ್‌ಬಿ ಕೇಸು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 500 ಎಂಬಿ, ಸೆಕೆಂಡಿಗೆ. ಹಳೇ ಡಿಸ್ಕು ಓದೋದೇ ಸೆಕೆಂಡಿಗೆ 100 ಎಂಬಿ ಆಸುಪಾಸು, ಆದ್ದರಿಂದ 500ರ ಆಸೆ ನನಗಿರಲಿಲ್ಲ. 100ರ ಲೆಕ್ಕ ಹಿಡಿದರೂ 380 ಜಿಬಿಗೆ ಒಂದು ಗಂಟೆ ಚಿಲ್ಲರೆ ಸಾಕು. ತೀರಿಕೊಂಡವರ ವಿಡಿಯೋಗಳನ್ನ ಮೊದಲು ಹಾಕಿದೆ, ಅವು ಮತ್ತೆ ಸಿಗುವಂಥವಲ್ಲ. 110ರಲ್ಲಿ ಹೋಗ್ತಾ ಇತ್ತು. 38 ಜಿಬಿ ದಾಟಿತು ನೋಡಿ, ಹಸಿರು ಗೆರೆ ಬಾವಿಗೆ ಬಿದ್ದಂಗೆ ಬಿತ್ತು. 40, 22, 18. ಆಮೇಲೆ ಸೊನ್ನೆ. ಮತ್ತೆ 18. ಆ ಲೆಕ್ಕದಲ್ಲಿ ಉಳಿದದ್ದಕ್ಕೆ ಐದು ಗಂಟೆಗಿಂತ ಜಾಸ್ತಿ. ಟಿಕ್ ಟಿಕ್ ಅನ್ನೋ ಡಿಸ್ಕನ್ನ ಐದು ಗಂಟೆ ಓಡಿಸೋದು ಅಂದರೆ ಏದುಸಿರು ಬಿಡೋ ಮುದುಕರನ್ನ ನಂದಿಬೆಟ್ಟ ಹತ್ತಿಸಿದಂಗೆ. ನಿಲ್ಲಿಸಿದೆ.

ಅಂಗಡಿಗೆ ತಗೊಂಡು ಹೋದ್ವಿ. ಅಂಗಡಿಯವರು ನನ್ನ ಕಡೆ ತಿರುಗದೆ ಜೊತೆಗಿದ್ದ ನಮ್ಮ ಡಿಪ್ಲೊಮಾ ಹುಡುಗನಿಗೆ ಹೇಳಿದರು, "ನೋಡಪ್ಪ, ಟೆಸ್ಟ್ ಮಾಡಿ ತೋರಿಸ್ತೀನಿ." ಕ್ರಿಸ್ಟಲ್ ಡಿಸ್ಕ್ ಮಾರ್ಕ್ ಅನ್ನೋ ಪ್ರೋಗ್ರಾಂ ಹಾಕಿದರು. ಬರೆಯೋ ವೇಗ 430. "ಡ್ರೈವ್ ಸರಿ ಇದೆ, ಮೇಡಂ ಫೈಲುಗಳೇ ಸರಿ ಇಲ್ಲ." ಮೇಡಂ ಫೈಲು ಸರಿ ಇಲ್ಲವಂತೆ! ಹದಿನೆಂಟು ವರ್ಷದಿಂದ ಫೈಲು ಹಿಡಿದೇ ಸಂಬಳ ತಗೋತಿರೋ ಗುಮಾಸ್ತೆ ನಾನು. ಆ ಟೆಸ್ಟು ಬರೆಯೋದು 1 ಜಿಬಿ ಮಾತ್ರ. ನಮ್ಮ ಡ್ರೈವ್ ಬೀಳೋದು 38ರಲ್ಲಿ. ಒಂದು ಕೊಡ ನೀರು ಹೊತ್ತವರನ್ನ ನೋಡಿ ಇಡೀ ಬಾವಿ ಖಾಲಿ ಮಾಡ್ತಾರೆ ಅಂದಂಗಾಯ್ತು. ಹೇಳಿದೆ, ಕೇಳಿಸಿಕೊಳ್ಳಲಿಲ್ಲ. ಅಂಗಡಿ ಹೆಸರು ಬೇಡ, ಇಂಥ ಅಂಗಡಿ ಎಲ್ಲ ಊರಲ್ಲೂ ಇದೆ.

ಈಗ ಇದು ಯಾಕಾಗುತ್ತೆ ಅನ್ನೋದು. ಶಿಡ್ಲಘಟ್ಟದವರಿಗೆ ಬೇಗ ಅರ್ಥ ಆಗುತ್ತೆ. ಗೂಡು ಮಾರುಕಟ್ಟೆಗೆ ಬೆಳಗ್ಗೆ ಗೂಡು ಬರುತ್ತೆ. ಜಾಲರಿಗೆ ಸುರಿಯೋದು ಎಷ್ಟು ಹೊತ್ತು? ನಿಮಿಷಗಳ ಕೆಲಸ. ಆದರೆ ಆ ಗೂಡು ನೂಲಾಗಬೇಕಲ್ಲ. ಬಿಸಿನೀರಲ್ಲಿ ಕೈ ಹಾಕಿ ಎಳೆ ಹುಡುಕಿ ಬಿಚ್ಚಾಣಿಕೆ ಮಾಡೋ ಹೆಣ್ಣುಮಕ್ಕಳ ಬೆರಳನ್ನ ನೋಡಿದವರಿಗೆ ಅದು ಎಷ್ಟು ನಿಧಾನದ ಕೆಲಸ ಅಂತ ಗೊತ್ತು. ಅಗ್ಗದ ಎಸ್‌ಎಸ್‌ಡಿಯಲ್ಲೂ ಎರಡು ಕೆಲಸ ಇದೆ. ನೀವು ಕಳಿಸಿದ್ದನ್ನ ಮೊದಲು ಒಂದು ಕಡೆ ಸುರಿದುಕೊಳ್ಳುತ್ತೆ. ಅದಕ್ಕೆ ಎಸ್‌ಎಲ್‌ಸಿ ಕ್ಯಾಶ್ ಅಂತಾರೆ. ಆಮೇಲೆ ನಿಧಾನಕ್ಕೆ ಒಳಗೆ ಒತ್ತೊತ್ತಾಗಿ ಜೋಡಿಸುತ್ತೆ. ಸುರಿಯೋ ಜಾಗ ಖಾಲಿ ಇರೋವರೆಗೂ ಡಬ್ಬದ ಮೇಲಿನ ವೇಗ. ಜಾಗ ತುಂಬಿದ ಕ್ಷಣದಿಂದ ಬಿಚ್ಚಾಣಿಕೆಯ ವೇಗ. ಅದರ ಮೇಲೆ ಹೊಸ ಗೂಡು ಬೇರೆ ಬರ್ತಾ ಇರುತ್ತೆ.

ಒಳಗೆ ಜೋಡಿಸೋದು ಯಾಕೆ ನಿಧಾನ? ಒಂದು ಲೋಟ ಅಂದ್ಕೊಳ್ಳಿ. (ಲೋಟದ ಉದಾಹರಣೆ ಕೊಟ್ಟರೆ ನಮ್ಮವರಿಗೆ ಹೋಟೆಲಿನ ಬೇರೆ ಲೋಟ ನೆನಪಾಗುತ್ತೆ, ಅದಿರಲಿ.) ಲೋಟದಲ್ಲಿ ನೀರು ಇದೆ, ಇಲ್ಲ, ಇಷ್ಟೇ ಲೆಕ್ಕ ಅಂದರೆ ಒಂದು ಲೋಟಕ್ಕೆ ಒಂದು ಬಿಟ್ ಮಾಹಿತಿ. ಸುರಿದರೆ ಮುಗೀತು. ಇದೇ ಎಸ್‌ಎಲ್‌ಸಿ. ಅದೇ ಲೋಟದಲ್ಲಿ ಎಂಟು ಗೆರೆ ಹಾಕಿ ಸರಿಯಾಗಿ ಐದನೇ ಗೆರೆಗೇ ನೀರು ನಿಲ್ಲಿಸು ಅಂದರೆ ಮೂರು ಬಿಟ್ ಹಿಡಿಯುತ್ತೆ, ಇದು ಟಿಎಲ್‌ಸಿ. ಹದಿನಾರು ಗೆರೆ ಹಾಕಿದರೆ ನಾಲ್ಕು ಬಿಟ್, ಕ್ಯೂಎಲ್‌ಸಿ. ಗೆರೆ ಜಾಸ್ತಿ ಆದಷ್ಟೂ ಹನಿ ಹನಿ ಬಿಟ್ಟು ಅಳೆದು ನೋಡಬೇಕು. ಲೋಟ ಅಷ್ಟೇ, ಮಾಹಿತಿ ಜಾಸ್ತಿ, ಆದ್ದರಿಂದ ಬೆಲೆ ಕಡಿಮೆ. ಬೆಲೆ ಇಳಿದದ್ದು ನಮ್ಮಂಥವರಿಗೆ ಒಳ್ಳೇದೇ, ಅದನ್ನ ಬೈಯಲ್ಲ. ನಾನು ಬೈಯೋದು ಡಬ್ಬದ ಮೇಲೆ ಇದನ್ನ ಬರೆಯದೇ ಇರೋದಕ್ಕೆ. ನಮ್ಮ ಡಬ್ಬದ ಮೇಲೆ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಅನ್ನೋದೇ ಇಲ್ಲ.

ಬರೆಯೋಕೆ ಆಗಲ್ಲ ಅಂತೇನಿಲ್ಲ. ಸ್ಯಾಮ್‌ಸಂಗ್ 870 ಕ್ಯೂವಿಒ ಅನ್ನೋ ಕ್ಯೂಎಲ್‌ಸಿ ಡ್ರೈವಿನ ವಿವರ ಪತ್ರದಲ್ಲಿ ಕಂಪನಿಯೇ ಹಾಕಿದೆ: 1 ಟಿಬಿ ಮಾದರಿಯಲ್ಲಿ ಹೆಚ್ಚೆಂದರೆ 42 ಜಿಬಿವರೆಗೆ ಕ್ಯಾಶ್, ಅದು ತುಂಬಿದರೆ ಸೆಕೆಂಡಿಗೆ 80 ಎಂಬಿ. ಓದಿ ಬೇಕಾದರೆ ತಗೊಳ್ಳಬಹುದು, ಬೇಡ ಅಂದರೆ ಬಿಡಬಹುದು. ಅತ್ತ 2021ರಲ್ಲಿ ಡಬ್ಲ್ಯುಡಿ ಕಂಪನಿಯ ಬ್ಲೂ ಎಸ್‌ಎನ್550 ಅನ್ನೋ ಡ್ರೈವಿನಲ್ಲಿ ಹೆಸರು ಅದೇ ಇಟ್ಟು ಒಳಗಿನ ಚಿಪ್ ಬದಲಾಯಿಸಿದ್ದು ಹೊರಬಂತು. ಕ್ಯಾಶ್ ತುಂಬಿದ ಮೇಲಿನ ವೇಗ 610ರಿಂದ 390ಕ್ಕೆ ಇಳಿದಿತ್ತು. ಮುಂದೆ ಹೀಗೆ ಬದಲಾಯಿಸಿದರೆ ಹೊಸ ಮಾದರಿ ಸಂಖ್ಯೆ ಕೊಡ್ತೀವಿ ಅಂತ ಕಂಪನಿ ಆಮೇಲೆ ಹೇಳಿತು. ದೊಡ್ಡ ಹೆಸರಿನವರೇ ಹೀಗೆ, ಹೆಸರಿಲ್ಲದವರ ಕಥೆ ನೀವೇ ಯೋಚಿಸಿ.

ಆದರೆ ಬಿದ್ದ ವೇಗಕ್ಕೆಲ್ಲ ಕ್ಯಾಶೇ ಕಾರಣ ಅಂತ ತಿಳ್ಕೋಬೇಡಿ. ಗೆರೆಯ ಆಕಾರ ನೋಡಿ, ವಿಂಡೋಸ್‌ನಲ್ಲಿ ಕಾಪಿ ಮಾಡುವಾಗ ಬರುತ್ತಲ್ಲ, ಅದು. ಮೊದಲ ಸೆಕೆಂಡಿನಿಂದಲೇ 35, 40ರಲ್ಲಿ ಹಾಸಿಗೆ ಹಾಸಿದಂಗೆ ಸಮ ಇದ್ದರೆ ಅದು ದಾರಿಯ ತೊಂದರೆ. ಯುಎಸ್‌ಬಿ 2 ತೂತಿಗೆ ಚುಚ್ಚಿದ್ದೀರಿ, ಇಲ್ಲವೇ ಕೇಬಲ್ ಹಳೇದು. ಯುಎಸ್‌ಬಿ 3 ತೂತಿನ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣ ಇರುತ್ತೆ, ಅದಕ್ಕೆ ಹಾಕಿ. ಒಳಗೇ ಕೂರಿಸಿದ ಡ್ರೈವ್ 270ರ ಆಸುಪಾಸು ನಿಂತರೆ ನಿಮ್ಮ ಕಂಪ್ಯೂಟರಿನ ಸಾಟಾ ಹಳೇ ಕಾಲದ್ದು, ಡ್ರೈವ್ ತಪ್ಪಲ್ಲ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ಪ್ರೋಗ್ರಾಂನಲ್ಲಿ ಸಾಟಾ 300 ಅಂತಾನೋ 600 ಅಂತಾನೋ ತೋರಿಸುತ್ತೆ. ಚೆನ್ನಾಗಿ ಹೋಗಿ ಒಂದು ಗಡಿಯಲ್ಲಿ ಬಿದ್ದರೆ ಕ್ಯಾಶ್. ಸಾವಿರಾರು ಸಣ್ಣ ಫೋಟೋ ಕಳಿಸುವಾಗ ಮಾತ್ರ ಕುಂಟಿದರೆ ಅದು ಸಣ್ಣ ಫೈಲಿನ ಗುಣ. ಒಂದೊಂದಕ್ಕೂ ಹೆಸರು, ತಾರೀಕು, ಜಾಗ ಬರೆದುಕೊಳ್ಳಬೇಕು, ಜೊತೆಗೆ ಆಂಟಿವೈರಸ್ ಒಂದೊಂದನ್ನೂ ಮೂಸಿ ನೋಡುತ್ತೆ. ಜಿಪ್ ಮಾಡಿ ಒಂದೇ ಕಟ್ಟು ಮಾಡಿ ಕಳಿಸಿ. ನಮ್ಮ ಆಫೀಸಲ್ಲೂ ಅಷ್ಟೇ, ಸಾವಿರ ಹಾಳೆ ಬಿಡಿಬಿಡಿ ಬಂದರೆ ಇನ್‌ವರ್ಡ್ ಮಾಡೋಕೇ ಒಂದು ದಿನ ಬೇಕು, ಒಂದೇ ಕಟ್ಟಾದರೆ ಒಂದು ನಂಬರು ಸಾಕು.

ನಮ್ಮ ವಿಷಯದಲ್ಲಿ ಇನ್ನೊಂದು ಅನುಮಾನ ಇತ್ತು. ನಿಧಾನ ಆಗ್ತಿರೋದು ಬರೆಯೋ ಎಸ್‌ಎಸ್‌ಡಿಯೋ, ಓದೋ ಹಳೇ ಡಿಸ್ಕೋ? ಸಾಯ್ತಾ ಇರೋ ಡಿಸ್ಕು ಒಂದು ಜಾಗ ಓದಕ್ಕಾಗದೆ ಮತ್ತೆ ಮತ್ತೆ ಪ್ರಯತ್ನ ಪಡುತ್ತೆ, ಆಗಲೂ ಗೆರೆ ಸೊನ್ನೆಗೆ ಬೀಳುತ್ತೆ. ಇಬ್ಬರು ಜಗಳ ಆಡಿದಾಗ ಬೇರೆ ಬೇರೆ ಕೂರಿಸಿ ಕೇಳ್ತೀವಲ್ಲ, ಹಾಗೆ ಮಾಡಿದ್ವಿ. ಹಳೇದನ್ನ ಪಕ್ಕಕ್ಕಿಟ್ಟು ಲ್ಯಾಪ್‌ಟಾಪಿನ ಒಳಗಿದ್ದ ಒಂದು 4 ಜಿಬಿ ಫೈಲನ್ನೇ ಎಸ್‌ಎಸ್‌ಡಿಗೆ ಹೆಸರು ಬದಲಿಸಿ ಮತ್ತೆ ಮತ್ತೆ ಹಾಕಿದ್ವಿ. ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ಬಿತ್ತು. ಎಸ್‌ಎಸ್‌ಡಿ ಮೇಲಿನ ಅನುಮಾನ ಖಾತ್ರಿ ಆಯ್ತು. ಕರೆಂಟಿನಲ್ಲೇ ಇಟ್ಟು ಅರ್ಧ ಗಂಟೆ ಸುಮ್ಮನೆ ಬಿಟ್ವಿ. ಮತ್ತೆ ಓಡಿತು. ಸುರಿದ ಗೂಡನ್ನ ಅಷ್ಟರಲ್ಲಿ ಬಿಚ್ಚಿ ಜಾಗ ಮಾಡಿಕೊಂಡಿತ್ತು. ಕೇಬಲ್ ಕಿತ್ತು ಇಟ್ಟರೆ ಈ ಕೆಲಸ ಆಗಲ್ಲ, ಕರೆಂಟು ಇರಬೇಕು. ಆಮೇಲೆ ಹಳೇ ಡಿಸ್ಕಿನ ಆರೋಗ್ಯ ನೋಡಿದ್ವಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಳದಿ ತೋರಿಸಿತು, ಓದಕ್ಕಾಗದ ಜಾಗಗಳಿವೆ ಅಂತ. ಅಂದರೆ ಎರಡರದ್ದೂ ಪಾಲಿತ್ತು, ನಿಧಾನಕ್ಕೆ ದೊಡ್ಡ ಪಾಲು ಎಸ್‌ಎಸ್‌ಡಿಯದು, ಅಪಾಯಕ್ಕೆ ಪೂರ್ತಿ ಪಾಲು ಹಳೇದರದ್ದು.

ಪರೀಕ್ಷೆಗೆ ಹಾಕಿದ ಫೈಲೆಲ್ಲ ಅಳಿಸಿದ ಮೇಲೂ ಒಂದು ವಿಚಿತ್ರ. ಈ ಸಲ 15 ಜಿಬಿಗೇ ಬಿತ್ತು. ನಾವು ಅಳಿಸಿದರೂ ಅದು ಖಾಲಿ ಅಂತ ಡ್ರೈವಿಗೆ ಯಾರೂ ಹೇಳಿರಲಿಲ್ಲ. ಹೇಳೋ ಆ ಸೂಚನೆಗೆ ಟ್ರಿಮ್ ಅಂತ ಹೆಸರು. ಎಷ್ಟೋ ಅಗ್ಗದ ಯುಎಸ್‌ಬಿ ಕೇಸುಗಳು ಅದನ್ನ ಒಳಗೆ ದಾಟಿಸೋದೇ ಇಲ್ಲ. ಪಹಣಿಯಲ್ಲಿ ಹೆಸರು ಬದಲಾಗದೇ ಇದ್ದಂಗೆ, ಜಮೀನು ಖಾಲಿ ಇದೆ, ಕಾಗದದಲ್ಲಿ ಇನ್ನೂ ಯಾರದೋ ಹೆಸರು. ಹುಡುಗ ಡ್ರೈವನ್ನ ಕೇಸಿನಿಂದ ಬಿಚ್ಚಿ ಡೆಸ್ಕ್‌ಟಾಪಿನ ಒಳಗೆ ನೇರ ಸಾಟಾ ಕೇಬಲ್ಲಿಗೆ ಹಾಕಿದ. ವಿಂಡೋಸ್‌ನಲ್ಲಿ ಆಪ್ಟಿಮೈಸ್ ಡ್ರೈವ್ಸ್ ಅಂತ ಹುಡುಕಿ, ಅದರಲ್ಲಿ ಸಾಲಿಡ್ ಸ್ಟೇಟ್ ಡ್ರೈವ್ ಅಂತ ತೋರಿಸೋದರ ಮೇಲೆ ಆಪ್ಟಿಮೈಸ್ ಒತ್ತಿದ. ಲಿನಕ್ಸ್ ಆದರೆ ಎಫ್‌ಎಸ್‌ಟ್ರಿಮ್. ಮತ್ತೆ 38ಕ್ಕೆ ಬಂತು. ಡ್ರೈವ್ ತುಂಬ್ತಾ ಹೋದಷ್ಟೂ ಈ ಸುರಿಯೋ ಜಾಗವೂ ಕಿರಿದಾಗುತ್ತೆ, ಬಹಳಷ್ಟು ಡ್ರೈವ್‌ಗಳಲ್ಲಿ ಕ್ಯಾಶ್ ಮಾಡಿಕೊಳ್ಳೋದೇ ಖಾಲಿ ಜಾಗದಲ್ಲಿ. ಆದ್ದರಿಂದ ಐದನೇ ಒಂದು ಭಾಗ ಖಾಲಿ ಬಿಡಿ. 480ರಲ್ಲಿ 380 ತುಂಬಿಸಿದರೆ ನಾವು ಆ ಅಂಚಿನಲ್ಲೇ ಇದ್ದೀವಿ.

ಇಷ್ಟೆಲ್ಲ ತಿಳಿದ ಮೇಲೆ ತೀರ್ಮಾನ ಸುಲಭ ಆಯ್ತು. ಸಾಯ್ತಾ ಇರೋ ಡಿಸ್ಕನ್ನ ಉಳಿಸೋ ಕೆಲಸಕ್ಕೆ ಈ ಎಸ್‌ಎಸ್‌ಡಿ ಆಗಲ್ಲ. ಚಿಕ್ಕಬಳ್ಳಾಪುರದ ಒಬ್ಬ ಮೇಷ್ಟ್ರ ಹಳೇ ಡೆಸ್ಕ್‌ಟಾಪಿನಲ್ಲಿದ್ದ 1 ಟಿಬಿ ಸಾಮಾನ್ಯ ಹಾರ್ಡ್ ಡಿಸ್ಕನ್ನ ಎರಡು ದಿನಕ್ಕೆ ಕೇಳಿ ತಂದ್ವಿ. "ನಿಮ್ಮ ಮನೆ ಡಿಸ್ಕ್ ಇದು, ತಗೊಂಡ್ಹೋಗಮ್ಮ" ಅಂದರು. ನೋಡಿ, ತಿರುಗೋ ತಟ್ಟೆಯ ಹಳೇ ಹಾರ್ಡ್ ಡಿಸ್ಕು ಮೊದಲ ಜಿಬಿಗೂ ಮುನ್ನೂರನೇ ಜಿಬಿಗೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬರೆಯುತ್ತೆ, ನೂರರ ಆಚೀಚೆ. ದೊಡ್ಡ ಹೊರೆಗೆ ಅದು ನಮ್ಮ ಎಸ್‌ಎಸ್‌ಡಿಗಿಂತ ಐದು ಪಟ್ಟು ವೇಗ! (ಈಗಿನ ಪೋರ್ಟಬಲ್ ಡಿಸ್ಕುಗಳಲ್ಲಿ ಎಸ್‌ಎಂಆರ್ ಅಂತ ಒಂದು ಜಾತಿ ಬಂದಿದೆ, ಅದೂ ತುಂಬಿದ ಮೇಲೆ ಕುಂಟುತ್ತೆ. ಕೇಳಿ ತಗೊಳ್ಳಿ.)

ಹುಡುಗ ಲಿನಕ್ಸ್ ಪೆನ್ ಡ್ರೈವ್ ಹಾಕಿ ಡಿಡಿರೆಸ್ಕ್ಯೂ ಓಡಿಸಿದ. ಇದು ಮೊದಲು ಚೆನ್ನಾಗಿ ಓದಬಹುದಾದ್ದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳನ್ನ ಕೊನೆಗೆ ಬಿಡುತ್ತೆ. ಎಲ್ಲಿವರೆಗೆ ಆಯ್ತು ಅಂತ ಒಂದು ಫೈಲಲ್ಲಿ ಗುರುತು ಹಾಕ್ಕೊಳ್ಳುತ್ತೆ, ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು. ಒಂದು ಸಲ ಕರೆಂಟ್ ಹೋಗಿ ಯುಪಿಎಸ್ ಕೂಗಿಕೊಂಡಿತು, ಆ ಐದು ನಿಮಿಷ ಯಾರೂ ಮಾತಾಡಲಿಲ್ಲ. ಹಳೇ ಡಿಸ್ಕನ್ನ ಮೊದಲ ಸಲ ತೆಗೆದಿಟ್ಟು ಮತ್ತೆ ಚುಚ್ಚಿದಾಗಲೂ ಅಷ್ಟೇ, ಏಳುತ್ತೋ ಇಲ್ಲವೋ ಅಂತ. ಎದ್ದಿತು. ಎರಡು ಗಂಟೆ ಚಿಲ್ಲರೆಯಲ್ಲಿ ಬಹುಪಾಲು ಬಂತು. ಕೆಟ್ಟ ಜಾಗಗಳ ಮೇಲೆ ಇನ್ನೂ ನಾಲ್ಕು ಗಂಟೆ ಗುದ್ದಾಡಿತು.

ಆ ಎಸ್‌ಎಸ್‌ಡಿಯನ್ನ ಬಿಸಾಡಿಲ್ಲ. ಸಂಘದ ಹಳೇ ಲ್ಯಾಪ್‌ಟಾಪಿನ ಒಳಗೆ ಕೂರಿಸಿದ್ದೀವಿ. ಆನ್ ಆಗೋಕೆ ನಾಲ್ಕು ನಿಮಿಷ ತಗೋತಿದ್ದದ್ದು ಈಗ ಅರ್ಧ ನಿಮಿಷದೊಳಗೆ ಆನ್ ಆಗುತ್ತೆ. ಅರ್ಜಿ ಟೈಪ್ ಮಾಡೋದು, ಸ್ಕ್ಯಾನ್ ಮಾಡೋದು, ಒಂದಿಷ್ಟು ಪಿಡಿಎಫ್ ಉಳಿಸೋದು, ಇದಕ್ಕೆಲ್ಲ 38 ಜಿಬಿ ಯಾವ ದಿನವೂ ದಾಟಲ್ಲ. ಅದಕ್ಕೆ ಹೇಳಿ ಮಾಡಿಸಿದ ವಸ್ತು ಅದು. ಫೋನ್ ಮಾಡಿ ಕೇಳಿದವರಲ್ಲಿ ಮೂರು ಜನರದ್ದು ಇದೇ ಕಥೆ, ಅವರ ಡ್ರೈವ್ ಕೆಟ್ಟಿಲ್ಲ. 25, 30 ಜಿಬಿಯಂತೆ ಕಂತಿನಲ್ಲಿ ಹಾಕಿ, ಅರ್ಧ ಗಂಟೆ ಕರೆಂಟಿನಲ್ಲಿ ಬಿಡಿ, ಮತ್ತೆ ಹಾಕಿ. ಚಿಂತಾಮಣಿಯ ಒಬ್ಬರದ್ದು ಮಾತ್ರ ಮೋಸದ ಮಾಲು. 1 ಟಿಬಿ ಅಂತ ತೋರಿಸುತ್ತೆ, ಒಳಗೆ 64 ಜಿಬಿ ಇಲ್ಲ. ಹೊಸದು ತಗೊಂಡ ತಕ್ಷಣ, ವಾಪಸ್ ಮಾಡೋ ಅವಧಿಯೊಳಗೆ, ಎಚ್2ಟೆಸ್ಟ್‌ಡಬ್ಲ್ಯು ಅನ್ನೋ ಪ್ರೋಗ್ರಾಂನಿಂದ ಪೂರ್ತಿ ತುಂಬಿಸಿ ಓದಿಸಿ ನೋಡಿ. ನಿಜವಾದ ಅಳತೆಯೂ ಗೊತ್ತಾಗುತ್ತೆ, ಕ್ಯಾಶ್ ತುಂಬಿದ ಮೇಲಿನ ನಿಜವಾದ ವೇಗವೂ ಗೊತ್ತಾಗುತ್ತೆ. ಅಂಗಡಿಯವರ ಒಂದು ಜಿಬಿ ಟೆಸ್ಟಿಗೆ ತಲೆ ಆಡಿಸಬೇಡಿ.

ಇನ್ನೊಂದು ಮಾತು, ದಾಖಲೆ ಇಟ್ಟುಕೊಳ್ಳೋರಿಗೆ. ಎಸ್‌ಎಸ್‌ಡಿಗೆ ಎಲ್ಲ ತುಂಬಿ ಬೀರುವಿನಲ್ಲಿಟ್ಟು ಮರೆತುಬಿಡೋದು ಬೇಡ. ಆ ಲೋಟದ ನೀರು ಕರೆಂಟಿಲ್ಲದೆ ನಿಧಾನಕ್ಕೆ ಇಂಗುತ್ತೆ. ಜೆಡೆಕ್ ಅನ್ನೋ ಸಂಸ್ಥೆಯ ಮಾನದಂಡದಲ್ಲಿ, ಮನೆ ಬಳಕೆಯ ಎಸ್‌ಎಸ್‌ಡಿ ತನ್ನ ಬರೆಯೋ ಆಯಸ್ಸು ಪೂರ್ತಿ ಮುಗಿಸಿದ ಮೇಲೆ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು. ಹೊಸ ಡ್ರೈವ್ ಅದಕ್ಕಿಂತ ಹೆಚ್ಚು ದಿನ ಬರುತ್ತೆ, ಆದರೆ ನಮ್ಮ ಶೀಟಿನ ಮನೆಯೊಳಗೆ ಏಪ್ರಿಲ್‌ನಲ್ಲಿ 30 ಡಿಗ್ರಿ ಅನ್ನೋದು ರಾತ್ರಿಯ ತಂಪು. ನಾವು ಈಗ ಎರಡು ಸಾಮಾನ್ಯ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿದ್ದೀವಿ. ಒಂದು ಚಿಕ್ಕಬಳ್ಳಾಪುರದಲ್ಲಿ, ಒಂದು ಚಿಂತಾಮಣಿಯಲ್ಲಿ, ಬೇರೆ ಬೇರೆಯವರ ಮನೆಯಲ್ಲಿ. ಆರು ತಿಂಗಳಿಗೊಮ್ಮೆ ತೆಗೆದು ಓದಿಸಿ ನೋಡೋ ಜವಾಬ್ದಾರಿ ಹುಡುಗನದ್ದು. ಮೇಷ್ಟ್ರ ಡಿಸ್ಕ್ ವಾಪಸ್ ಕೊಟ್ಟಾಯ್ತು.

ಎಲ್ಲ ಮುಗಿದ ಮೇಲೆ 11 ಫೈಲು ಓದಕ್ಕಾಗಲಿಲ್ಲ. ಒಂಬತ್ತು ಸ್ಕ್ಯಾನ್ ಹಾಳೆ, ಅದರ ಮೂಲ ಕಾಗದ ಮನೆಯವರ ಹತ್ರ ಇದೆ, ಮುಂದಿನ ಭಾನುವಾರ ಗೌರಿಬಿದನೂರಿಗೆ ಹೋಗಿ ಮತ್ತೆ ಸ್ಕ್ಯಾನ್ ಮಾಡ್ತೀವಿ. ಒಂದು ಕರಪತ್ರ, ಇನ್ನೊಂದು ವಿಡಿಯೋ. ಆ ವಿಡಿಯೋ ಶಿಡ್ಲಘಟ್ಟದ ಕಡೆ ಒಂದು ಹಳ್ಳಿಯಲ್ಲಿ ತೆಗೆದದ್ದು, ನೂಲು ಬಿಚ್ಚಾಣಿಕೆಯಲ್ಲಿ ನಲವತ್ತು ವರ್ಷ ದುಡಿದ ಒಬ್ಬ ಅಜ್ಜಿ ಮಾತಾಡಿದ್ದು, ಇಪ್ಪತ್ತೆರಡು ನಿಮಿಷ. ಹದಿನಾಲ್ಕನೇ ನಿಮಿಷದ ನಂತರ ಚಿತ್ರ ಬರಲ್ಲ, ದನಿಯೂ ಬರಲ್ಲ. ಅವತ್ತು ನಮ್ಮ ಜೊತೆ ಬಂದಿದ್ದವರು ಮೂರು ನಾಲ್ಕು ಜನ ಫೋನಲ್ಲೂ ತೆಗೆದಿದ್ದು ನನಗೆ ನೆನಪಿದೆ. ಹಳೇ ಫೋನು, ಹಳೇ ಮೆಮೊರಿ ಕಾರ್ಡು ಇದ್ದರೆ ಹುಡುಕಿ ನೋಡಿ. ಸಿಕ್ಕರೆ ವಾಟ್ಸ್ಯಾಪಲ್ಲಿ ವಿಡಿಯೋ ಅಂತ ಕಳಿಸಬೇಡಿ, ಅದು ಕುಗ್ಗಿಸಿ ಕಳಿಸುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲ ಕಾರ್ಡನ್ನೇ ಕೊಡಿ, ನಾನೇ ಬಂದು ತಗೋತೀನಿ.

ಜೈ ಭೀಮ್.